ನಾಯಿಯ ಕೀಲುನೋವು ಮತ್ತು ಮನೆಮದ್ದು

ಕುರುಗೋಡಿನ ಬಂಡೆಗುಡ್ಡಗಳಲ್ಲಿ ಕುರಿಮಂದೆಯ ಹಿಂದೆ ಹತ್ತು ವರ್ಷ ಓಡಾಡಿದ ನಾಯಿ ಮುಂಜಾನೆ ಏಳಲು ತಡವರಿಸುವುದುಂಟು. ನಾಲ್ಕು ಹೆಜ್ಜೆ ಕುಂಟಿದ ಮೇಲೆ ನಡಿಗೆ ಸರಿಹೋಗುವುದು. ಅದು ಗೋಳಿಡುವುದಿಲ್ಲ, ನೋವನ್ನು ಅಡಗಿಸಿಕೊಳ್ಳುವುದು ಅದರ ಸ್ವಭಾವ. ಆದುದರಿಂದ ಮನೆಯವರು ಮುಪ್ಪೆಂದು ಸುಮ್ಮನಾಗುವರು. ಇಲ್ಲವೆ ಕನಿಕರಪಟ್ಟು ತಮ್ಮ ಮೊಳಕಾಲಿನ ಮದ್ದನ್ನೇ ಅದಕ್ಕೂ ಮಾಡುವರು. ಕೆಲವು ಸಲ ಈ ಕನಿಕರವೇ ಹೆಚ್ಚು ಅಪಾಯಕರ.

ಕೀಲಿನಲ್ಲಿ ಎರಡು ಎಲುಬುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುವುದು. ಇದಕ್ಕೆ ರಕ್ತನಾಳಗಳಿಲ್ಲ. ಕಾಲಾಡಿಸಿದಾಗ ಅದು ಸ್ಪಂಜಿನಂತೆ ಅದುಮಿ ಬಿಡಲ್ಪಟ್ಟು, ಸುತ್ತಲಿನ ಸಂಧಿದ್ರವದಿಂದ ಆಹಾರವನ್ನು ಹೀರಿಕೊಳ್ಳುವುದು. ಈ ಹೊದಿಕೆ ಸವೆದರೆ ಕೀಲು ಊದಿ ನೋಯುವುದು. ಸವೆದದ್ದನ್ನು ಮತ್ತೆ ಮೊದಲಿನಂತೆ ಮಾಡುವ ಬೇರಾಗಲಿ ಸೊಪ್ಪಾಗಲಿ ಇಲ್ಲ. ನೋವನ್ನು ತಗ್ಗಿಸುವುದಷ್ಟೇ ಸಾಧ್ಯ.

ನಮ್ಮ ಕಡೆ ಎಕ್ಕದ ಎಲೆಯನ್ನು ಬಿಸಿಮಾಡಿ ಮೊಳಕಾಲಿಗೆ ಕಟ್ಟುವರು. ಕರ್ಪೂರ ಬೆರೆಸಿದ ಎಣ್ಣೆಯನ್ನು ತಿಕ್ಕುವರು. ಮನುಷ್ಯನು ತನ್ನ ಮೊಳಕಾಲನ್ನು ನೆಕ್ಕುವುದಿಲ್ಲ, ನಾಯಿ ನೆಕ್ಕುವುದು! ಎಕ್ಕದ ಹಾಲೂ ಕರ್ಪೂರವೂ ಹೊಟ್ಟೆಗೆ ಹೋದರೆ ವಿಷ. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆ ಇಲ್ಲಿ ನಿಲ್ಲದು. ಅಂಗಡಿಯ ನೋವಿನ ಮಾತ್ರೆಗಳು ಇನ್ನೂ ಕೆಟ್ಟವು: ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲದು; ಪ್ಯಾರಾಸಿಟಮಾಲ್ ಯಕೃತ್ತನ್ನೂ ರಕ್ತಕಣಗಳನ್ನೂ ಕೆಡಿಸಬಲ್ಲದು. ಪಶುವೈದ್ಯರು ನಾಯಿಯ ತೂಕ ನೋಡಿ ಕೊಡುವ ಔಷಧಗಳೇ ಬೇರೆ.

ಹಾಗಾದರೆ ಮನೆಯಲ್ಲಿ ಮಾಡತಕ್ಕದ್ದೇನು? ಎಲ್ಲಕ್ಕಿಂತ ಮಿಗಿಲಾದುದು ತೂಕ ಇಳಿಸುವುದು. ತುಂಗಭದ್ರೆಯ ನೀರಿನಿಂದ ಬತ್ತ ಬೆಳೆಯುವ ಸಿರುಗುಪ್ಪದ ಸೀಮೆಯಲ್ಲಿ ಅನ್ನಕ್ಕೆ ಬರವಿಲ್ಲ. ಮಿಕ್ಕ ಅನ್ನವೆಲ್ಲ ನಾಯಿಯ ಪಾಲಾಗಿ, ಕಟ್ಟಿಹಾಕಿದ ನಾಯಿ ಬೊಜ್ಜು ಬೆಳೆಸಿದರೆ ಆ ಭಾರವನ್ನು ಹೊರುವುದು ಕೀಲುಗಳೇ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಜೀವಮಾನವಿಡೀ ಕಾಲುಭಾಗ ಕಡಿಮೆ ಉಣಿಸಿ ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತೆಳ್ಳಗಿದ್ದವುಗಳ ಮಧ್ಯಮ ಆಯುಸ್ಸು 13 ವರ್ಷ, ಉಳಿದವುಗಳದು 11.2 ವರ್ಷ. ಕೀಲುರೋಗಕ್ಕೆ ಚಿಕಿತ್ಸೆ ಬೇಕಾದದ್ದೂ ಮೊದಲನೆಯ ಗುಂಪಿಗೆ ಸುಮಾರು ಮೂರು ವರ್ಷ ತಡವಾಗಿ. ಕಾಸಿಲ್ಲದ ಈ ಮದ್ದಿಗೆ ಸಾಟಿಯಾದ ಕಷಾಯವನ್ನು ನಾವು ಕಾಣೆವು.

ಎರಡನೆಯದು ಮಿತವಾದ ನಡಿಗೆ. ಪೂರ್ತಿ ಕಟ್ಟಿಹಾಕಿದರೆ ಸ್ನಾಯು ಕರಗಿ, ಮೃದ್ವಸ್ಥಿಗೂ ಆಹಾರ ಕಡಿಮೆಯಾಗುವುದು. ಬಳ್ಳಾರಿಯ ಬೇಸಗೆಯಲ್ಲಿ 40 ಡಿಗ್ರಿ ಮೀರುವ ಬಿಸಿಲಿಗೆ ಕಾದ ರಸ್ತೆ ಅಂಗಾಲನ್ನು ಸುಡುವುದರಿಂದ ಬೆಳಗಿನ ತಂಪು ಹೊತ್ತೇ ಯೋಗ್ಯ. ಮನೆಯೊಳಗಿನ ನುಣ್ಣನೆಯ ಕಲ್ಲಿನ ನೆಲದ ಮೇಲೆ ಕಾಲು ಜಾರದಂತೆ ಗೋಣಿಚೀಲ ಹಾಸಬೇಕು. ಚಳಿಗಾಲದ ಮುಂಜಾನೆ ಬೆಚ್ಚನೆಯ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು, ನಮ್ಮ ಮುಂಗೈಗೆ ಹಿತವೆನಿಸುವಷ್ಟು ಶಾಖದಲ್ಲಿ, ಹತ್ತು ನಿಮಿಷ ಕೀಲಿನ ಮೇಲಿಟ್ಟರೆ ಬಿಗಿತ ಸಡಿಲುವುದು.

ಅರಿಶಿನದ ಮಾತು ಬಂದೇ ಬರುವುದು. ಅದರ ಕರ್ಕ್ಯುಮಿನ್ ಊತವನ್ನು ತಡೆಯಬಲ್ಲದಾದರೂ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಮೀನೆಣ್ಣೆಗೆ ನಾಯಿಗಳ ಮೇಲಿನ ಪ್ರಯೋಗಗಳ ಆಧಾರ ಇದಕ್ಕಿಂತ ಉತ್ತಮವಾಗಿದೆ; ಪ್ರಮಾಣವನ್ನು ಮಾತ್ರ ವೈದ್ಯರಿಂದ ತಿಳಿಯಬೇಕು.

ಎಳೆಯ ನಾಯಿ ಇದ್ದಕ್ಕಿದ್ದಂತೆ ಕುಂಟಿ, ಜ್ವರ ಬಂದು, ಊಟ ಬಿಟ್ಟರೆ ಅದು ಸವೆತವಲ್ಲ. ಉಣ್ಣಿಹುಳು ಹರಡುವ ಜ್ವರದಲ್ಲಿಯೂ ಕೀಲುಗಳು ನೋಯುವುವು. ಅಂಥ ನಾಯಿಗೆ ಶಾಖ ಕೊಡುತ್ತ ದಿನ ಕಳೆಯದೆ ಅಂದೇ ಪಶುವೈದ್ಯರಲ್ಲಿಗೆ ಒಯ್ದು ರಕ್ತಪರೀಕ್ಷೆ ಮಾಡಿಸಬೇಕು.