ಮೊಟ್ಟೆಯ ಹಣ ಎಲ್ಲಿಂದ ಬಂತು?

ಸಂಜೆ ಏಳು ಗಂಟೆ. ನಮ್ಮ ಕಲಿಕಾ ಕೇಂದ್ರದಲ್ಲಿ ಹನ್ನೊಂದು ಮಂದಿ ಸೇರಿದ್ದರು. ಹೊರಗೆ ಮಳೆ. ಕೆಲವರ ಮಡಿಲಲ್ಲಿ ಬೀಡಿ ಕಟ್ಟುವ ತಡ್ಪೆ. ಓದುತ್ತಾ ಓದುತ್ತಾ ಕೈ ಕೆಲಸವೂ ನಡೆಯುತ್ತದೆ.

ಒಬ್ಬರು ಅಕ್ಕ ಕೇಳಿದರು. "ಟೀಚರೇ, ನನ್ನ ಮೊಮ್ಮಗನಿಗೆ ಶಾಲೆಯಲ್ಲಿ ದಿನಾ ಮೊಟ್ಟೆ ಕೊಡ್ತಾರೆ. ಮೊದಲು ವಾರಕ್ಕೆ ಎರಡು ದಿನ ಇತ್ತು. ಈಗ ಆರು ದಿನ. ಸರಕಾರಕ್ಕೆ ಅಷ್ಟು ಹಣ ಎಲ್ಲಿಂದ ಬಂತು ಮಾರಾಯ್ರೆ?"

ಒಳ್ಳೆಯ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಉಂಟು. ನಿಧಾನವಾಗಿ ಓದಿ.

ಎರಡು ದಿನದ ಮೊಟ್ಟೆಗೆ ಹಣ ಕೊಡುವುದು ಕರ್ನಾಟಕ ಸರಕಾರ. ಉಳಿದ ನಾಲ್ಕು ದಿನದ ಹಣ ಕೊಡುವುದು ಅಜೀಂ ಪ್ರೇಮ್‌ಜಿ ಫೌಂಡೇಶನ್. 2024ನೇ ಇಸವಿಯಲ್ಲಿ ಸರಕಾರಕ್ಕೂ ಈ ಫೌಂಡೇಶನ್‌ಗೂ ಒಂದು ಒಪ್ಪಂದ ಆಯಿತು. ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ, ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಇದು ಸಿಗುತ್ತದೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಒಂದು ಮೊಟ್ಟೆಗೆ 6 ರೂಪಾಯಿ ಎಂದು ಲೆಕ್ಕ ಇಟ್ಟರು. ತರುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ.

ನೀವೇ ಲೆಕ್ಕ ಮಾಡಿ ನೋಡಿ. ನಿಮ್ಮ ಊರಿನ ಶಾಲೆಯಲ್ಲಿ 100 ಮಕ್ಕಳು ಇದ್ದಾರೆ ಎನ್ನೋಣ. ನಾಲ್ಕು ದಿನಕ್ಕೆ 400 ಮೊಟ್ಟೆ. 400ನ್ನು 6ರಿಂದ ಗುಣಿಸಿ. 2,400 ರೂಪಾಯಿ. ಇದು ಒಂದು ಶಾಲೆಗೆ, ಒಂದು ವಾರಕ್ಕೆ. ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನಲ್ಲಿ ಎಷ್ಟು ಶಾಲೆ ಉಂಟು! ಇಡೀ ಕರ್ನಾಟಕದಲ್ಲಿ ಎಷ್ಟು! ಮೂರು ವರ್ಷಕ್ಕೆ ಫೌಂಡೇಶನ್ ಕೊಡಲು ಒಪ್ಪಿದ ಹಣ ಸುಮಾರು 1,500 ಕೋಟಿ ರೂಪಾಯಿ.

"ಅಬ್ಬಾ! ಒಬ್ಬ ಮನುಷ್ಯನ ಹತ್ತಿರ ಅಷ್ಟು ಹಣವಾ?" ಎಂದರು ಅಕ್ಕ.

ಉಂಬಳಿ ಬಿಟ್ಟ ಹಾಗೆ

ಫೌಂಡೇಶನ್ ಎಂದರೆ ಎಂತದು? ನಮ್ಮ ಊರಿನ ಮಾತಿನಲ್ಲಿ ಹೇಳುತ್ತೇನೆ. ಹಿಂದೆ ದೇವಸ್ಥಾನಕ್ಕೆ ಉಂಬಳಿ ಬಿಡುತ್ತಿದ್ದರು. ಗದ್ದೆಯನ್ನೇ ದೇವರ ಹೆಸರಿಗೆ ಬಿಟ್ಟುಬಿಡುವುದು. ಗದ್ದೆಯನ್ನು ಯಾರೂ ಮಾರುವ ಹಾಗಿಲ್ಲ. ಅದರಲ್ಲಿ ಬೆಳೆದ ಅಕ್ಕಿಯಿಂದ ದೀಪ, ನೈವೇದ್ಯ ನಡೆಯಬೇಕು. ಕೊಟ್ಟವರು ಸತ್ತರೂ ದೀಪ ಆರುವುದಿಲ್ಲ.

ಫೌಂಡೇಶನ್ ಕೂಡ ಹೆಚ್ಚುಕಮ್ಮಿ ಹಾಗೆಯೇ. ವಿಪ್ರೋ ಎಂಬ ಕಂಪನಿಯ ಹೆಸರು ಕೇಳಿದ್ದೀರಿ. ಈಗ ಅದು ಕಂಪ್ಯೂಟರ್ ಕೆಲಸದ ಕಂಪನಿ. ಆದರೆ 1945ರಲ್ಲಿ ಮಹಾರಾಷ್ಟ್ರದ ಅಮಳನೇರ್ ಎಂಬಲ್ಲಿ ಶುರುವಾದದ್ದು ಅಡುಗೆ ಎಣ್ಣೆಯ ಕಂಪನಿಯಾಗಿ! ಅಜೀಂ ಪ್ರೇಮ್‌ಜಿಯವರು 1966ರಲ್ಲಿ, ತಂದೆ ತೀರಿಕೊಂಡ ಮೇಲೆ, ಅದನ್ನು ವಹಿಸಿಕೊಂಡರು. ಬೆಳೆಸಿದರು. ಆಮೇಲೆ ಕಂಪನಿಯಲ್ಲಿ ತಮಗಿದ್ದ ಪಾಲನ್ನು ಸ್ವಲ್ಪ ಸ್ವಲ್ಪವಾಗಿ ಫೌಂಡೇಶನ್‌ಗೆ ಬಿಟ್ಟುಕೊಟ್ಟರು. 2019ರ ಹೊತ್ತಿಗೆ ಕಂಪನಿಯ ಮೂರು ಪಾಲಿನಲ್ಲಿ ಎರಡು ಪಾಲಿನ ಆದಾಯ ಫೌಂಡೇಶನ್‌ಗೆ ಸೇರಿತ್ತು. ಮೊಮ್ಮಗನ ಮೊಟ್ಟೆಗೆ ಹಣ ಬರುವುದು ಆ ಗದ್ದೆಯ ಬೆಳೆಯಿಂದ.

ಎಲ್ಲ ಟ್ರಸ್ಟುಗಳೂ ಇಷ್ಟು ದೊಡ್ಡದಲ್ಲ. ನಾಲ್ಕು ಜನ ಸೇರಿ ಉಪನೋಂದಣಿ ಕಚೇರಿಯಲ್ಲಿ ಪತ್ರ ಮಾಡಿಸಿದರೂ ಟ್ರಸ್ಟು ಆಗುತ್ತದೆ. ಸಂಘ ಆದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿ ಆಗಬೇಕು. ಎರಡಕ್ಕೂ ನೋಂದಣಿ ಸಂಖ್ಯೆ ಇರುತ್ತದೆ. ಈ ಮಾತು ನೆನಪಿಡಿ. ಮುಂದೆ ಬೇಕಾಗುತ್ತದೆ.

ಇನ್ನೊಂದು ದಾರಿಯೂ ಉಂಟು. ದೊಡ್ಡ ಲಾಭ ಮಾಡುವ ಕಂಪನಿಗಳು ಲಾಭದ ನೂರರಲ್ಲಿ ಎರಡು ರೂಪಾಯಿಯನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2013ರ ಕಂಪನಿ ಕಾಯ್ದೆ ಹೀಗೆ ಹೇಳುತ್ತದೆ. 2014ರ ಏಪ್ರಿಲ್‌ನಿಂದ ಇದು ಜಾರಿಗೆ ಬಂತು. ಶಾಲೆಯ ಶೌಚಾಲಯದ ಗೋಡೆಯಲ್ಲಿ ಕಂಪನಿಯ ಹೆಸರು ಬರೆದದ್ದು ನೋಡಿದ್ದೀರಲ್ಲ? ಅದು ಬಹಳ ಸಲ ಈ ಹಣ.

ಹಣ ಒಬ್ಬರದ್ದು, ಕೈ ಇನ್ನೊಬ್ಬರದ್ದು

ಬೆಂಗಳೂರಿನಲ್ಲಿ ಕೂತವರಿಗೆ ಕಡಬದ ಗುಡ್ಡದ ದಾರಿ ಗೊತ್ತಿರುವುದಿಲ್ಲ. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮಗು ಉಂಟು, ಯಾವ ಮನೆಗೆ ಮಳೆಗಾಲದಲ್ಲಿ ಜೀಪು ಹೋಗುವುದಿಲ್ಲ, ಇದೆಲ್ಲ ಊರಿನವರಿಗೇ ಗೊತ್ತು. ಹಾಗಾಗಿ ದೊಡ್ಡ ಫೌಂಡೇಶನ್‌ಗಳು ಎಲ್ಲ ಕೆಲಸವನ್ನೂ ತಾವೇ ಮಾಡುವುದಿಲ್ಲ. ಊರಿನ ಸಂಸ್ಥೆಗಳಿಗೆ ಹಣ ಕೊಡುತ್ತವೆ. ಅಂಥ ಸಂಸ್ಥೆಗೆ ಪಾಲುದಾರ ಸಂಸ್ಥೆ ಎನ್ನುತ್ತಾರೆ. ಪ್ರೇಮ್‌ಜಿ ಫೌಂಡೇಶನ್ ದೇಶದಲ್ಲಿ ಇಂಥ ನೂರಾರು ಸಂಸ್ಥೆಗಳಿಗೆ ನೆರವು ಕೊಡುತ್ತದೆ.

ಹೀಗೆ ಹಣ ಕೊಡುವವರು ಒಬ್ಬರು, ಕೆಲಸ ಮಾಡುವವರು ಇನ್ನೊಬ್ಬರು ಆಗುವುದು ನಮ್ಮಲ್ಲಿ ಹೊಸತಲ್ಲ. ಪುತ್ತೂರಿನ ರಕ್ತನಿಧಿಯ ಹೆಸರು ನೋಡಿ. ರೋಟರಿ ಕ್ಯಾಂಪ್ಕೊ ರಕ್ತನಿಧಿ. ಹೆಸರಿನಲ್ಲೇ ಇಬ್ಬರು ಇದ್ದಾರೆ. ರೋಟರಿ ಸೇವೆಯ ಕ್ಲಬ್ಬು. ಕ್ಯಾಂಪ್ಕೊ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ. 1973ರಲ್ಲಿ ಹುಟ್ಟಿದ್ದು. ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಮಾಡುವುದೂ ಅದೇ. ಆದರೆ ರಕ್ತ ಕೊಡುವವರು ಇವರಿಬ್ಬರೂ ಅಲ್ಲ. ನಿಮ್ಮ ಮಗ, ನನ್ನ ತಮ್ಮ.

ಕೊಯಿಲದ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಹಣ ಸರಕಾರದ್ದು. ಆದರೂ ಹೇಳುತ್ತೇನೆ. ಯಾಕೆಂದರೆ ಊರಿನ ಸಂಸ್ಥೆಯ ಕೈ ಎಷ್ಟು ಮುಖ್ಯ ಎಂದು ಇದರಲ್ಲಿ ಕಾಣುತ್ತದೆ.

ನಮ್ಮ ಗುಡ್ಡಗಳಲ್ಲಿ ಗೇರು ನಿಗಮದ ಗೇರುತೋಟಗಳು ಇವೆ. ಸರಕಾರದ ತೋಟ. 1980ರ ನಂತರದ ವರ್ಷಗಳಲ್ಲಿ ಗೇರು ಹೂವಿಗೆ ಬರುವ ಟಿ-ಸೊಳ್ಳೆಯನ್ನು ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷ ಸಿಂಪಡಿಸಿದರು. ವಿಷ ಗೇರುಮರಕ್ಕೆ ಮಾತ್ರ ಬೀಳಲಿಲ್ಲ. ಬಾವಿಗೆ ಬಿತ್ತು. ತೋಡಿಗೆ ಬಿತ್ತು. ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆಗೆ ಬಿತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಯಲ್ಲಿ, ಪುತ್ತೂರು, ಸುಳ್ಯ, ಕಡಬದ ಊರುಗಳಲ್ಲಿ, ಗಡಿಯ ಆಚೆ ಕಾಸರಗೋಡಿನ ಎಣ್ಮಕಜೆ ಗ್ರಾಮದಲ್ಲಿ ಅಂಗವಿಕಲ ಮಕ್ಕಳು ಹುಟ್ಟಿದರು. ಬುದ್ಧಿ ಬೆಳೆಯದ ಮಕ್ಕಳು ಹುಟ್ಟಿದರು. ಊರಿನ ಜನ ವರ್ಷಗಟ್ಟಲೆ ಕೂಗಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಲ್ಲೇ ತಡೆಹಿಡಿಯಿತು.

ವಿಷ ನಿಂತಿತು. ಮಕ್ಕಳು ಉಳಿದರು. ಇಪ್ಪತ್ತು ವರ್ಷದ ಮಗನನ್ನು ಎತ್ತಿಕೊಂಡು ಸ್ನಾನ ಮಾಡಿಸುವ ತಾಯಿ ಇದ್ದಾರೆ. ಅವರು ಕೂಲಿಗೆ ಹೋಗುವುದು ಹೇಗೆ? ಸರಕಾರ ಮಾಸಾಶನ ಕೊಡುತ್ತದೆ, ಸರಿ. ಹಣ ಮಗುವನ್ನು ನೋಡಿಕೊಳ್ಳುತ್ತದಾ? ಅದಕ್ಕಾಗಿ ಕೊಕ್ಕಡದಲ್ಲಿ ಒಂದು ಪಾಲನಾ ಕೇಂದ್ರ, ಕೊಯಿಲದಲ್ಲಿ ಒಂದು ಪಾಲನಾ ಕೇಂದ್ರ ಆಯಿತು. ಕೊಯಿಲ ಮೊದಲು ಪುತ್ತೂರು ತಾಲೂಕು, ಈಗ ಕಡಬ ತಾಲೂಕು. ಹಗಲು ಹೊತ್ತು ಮಕ್ಕಳು ಅಲ್ಲಿರುತ್ತಾರೆ. ಊಟ, ಆರೈಕೆ, ಕೈಕಾಲಿಗೆ ವ್ಯಾಯಾಮ. ನಡೆಸುವ ಕೆಲಸ ಸ್ವಯಂಸೇವಾ ಸಂಸ್ಥೆಗೆ ಸಿಕ್ಕಿತು.

ಇಲ್ಲಿ ಒಂದು ಗಂಟು ಉಂಟು. ಮೇಲಿನಿಂದ ಹಣ ಬರುವುದು ಎರಡು ತಿಂಗಳು ತಡವಾಯಿತು ಎನ್ನಿ. ಅಕ್ಕಿ ಅಂಗಡಿಯವನು ಸಾಲ ಕೊಟ್ಟಾನು. ನೋಡಿಕೊಳ್ಳುವ ಆಯಾಗೆ ಸಂಬಳ ಯಾರು ಕೊಡುತ್ತಾರೆ? ಆಕೆ ಬಾರದಿದ್ದರೆ ಮಗು ಮನೆಯಲ್ಲಿ. ತಾಯಿಯೂ ಮನೆಯಲ್ಲಿ. ಆ ದಿನದ ಕೂಲಿ ಹೋಯಿತು. ಪಾಲುದಾರ ಸಂಸ್ಥೆಗೆ ನೆರವು ಎಂದರೆ ಕಟ್ಟಡ ಕಟ್ಟಿ ಕಲ್ಲಿನಲ್ಲಿ ಹೆಸರು ಕೆತ್ತಿಸುವುದು ಮಾತ್ರ ಅಲ್ಲ. ಆಯಾನ ಸಂಬಳವೂ ನೆರವೇ. ಲೆಕ್ಕ ಬರೆಯುವವರ ಸಂಬಳವೂ ನೆರವೇ. ಕಟ್ಟಡಕ್ಕೆ ಹಣ ಕೊಡುವವರು ತುಂಬಾ ಜನ. ಸಂಬಳಕ್ಕೆ ಕೊಡುವವರು ಕಡಿಮೆ. ಇದು ನಾನು ಕಂಡ ಮಾತು.

ಸಾಲ ಬೇರೆ, ನೆರವು ಬೇರೆ

"ನಮ್ಮ ಸಂಘದ ಹಣವೂ ಹೀಗೆಯಾ?" ಎಂದು ಇನ್ನೊಬ್ಬರು ಕೇಳಿದರು.

ಅಲ್ಲ. ಅದು ಸಾಲ. ನಮ್ಮ ಕಡೆ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಎಲ್ಲರಿಗೂ ಗೊತ್ತು. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬೆಳ್ತಂಗಡಿ ತಾಲೂಕಿನಲ್ಲಿ ಶುರು ಮಾಡಿದ್ದು. ಅದರ ಪ್ರಗತಿಬಂಧು ಗುಂಪಿನಲ್ಲಿ ಐದಾರು ಮಂದಿ ಸಣ್ಣ ರೈತರು ವಾರಕ್ಕೆ ಒಂದು ದಿನ ಒಬ್ಬರ ಜಾಗದಲ್ಲಿ ಎಲ್ಲರೂ ದುಡಿಯುತ್ತಾರೆ. ಇದು ನಮ್ಮ ಹಳೆಯ ಮುಯ್ಯಾಳು ಪದ್ಧತಿಯೇ. ಮಾಸಾಶನ, ವಿದ್ಯಾರ್ಥಿವೇತನ ಅದರ ನೆರವಿನ ಕೆಲಸ. ಆದರೆ ಸಂಘದ ಮೂಲಕ ಸಿಗುವ ಸಾಲ ಬ್ಯಾಂಕಿನ ಹಣ. ಬಡ್ಡಿ ಉಂಟು. ವಾರದ ಕಂತು ಉಂಟು. ಯಾವ ಸಂಘವಾದರೂ ಇದು ಹೀಗೆಯೇ. ಸಹಿ ಹಾಕುವ ಮೊದಲು ಬಡ್ಡಿ ಎಷ್ಟು, ಕಂತು ಎಷ್ಟು ಎಂದು ಪುಸ್ತಕದಲ್ಲಿ ಓದಿಕೊಳ್ಳಿ. ನೆರವನ್ನು ವಾಪಸು ಕಟ್ಟಬೇಕಾಗಿಲ್ಲ.

ನಾನು ಮೋಸ ಹೋದದ್ದು

ಕೆಲವು ವರ್ಷದ ಹಿಂದೆ ನಮ್ಮ ಊರಿಗೆ ಒಬ್ಬ ಬಂದ. ಒಳ್ಳೆಯ ಅಂಗಿ, ಕೈಯಲ್ಲಿ ಬ್ಯಾಗು. "ದೊಡ್ಡ ಟ್ರಸ್ಟಿನಿಂದ ಹೊಲಿಗೆ ಮೆಶಿನು ಕೊಡ್ತೇವೆ. ಫಾರಮ್ಮಿಗೆ 300 ರೂಪಾಯಿ" ಎಂದ. 14 ಮಂದಿ ಕೊಟ್ಟರು. ನಾನೂ ಕೊಟ್ಟೆ. 4,200 ರೂಪಾಯಿ ತೆಗೆದುಕೊಂಡು ಹೋದವನು ಮತ್ತೆ ಬರಲಿಲ್ಲ. ಫೋನು ಬಂದ್.

ನನಗೆ ಓದಲಿಕ್ಕೆ ಬರುತ್ತದೆ. ಆದರೂ ಆ ದಿನ ಫಾರಮ್ಮನ್ನು ಓದಲಿಲ್ಲ! ಮನೆಗೆ ಹೋಗಿ ನೋಡಿದರೆ ಅದರಲ್ಲಿ ನೋಂದಣಿ ಸಂಖ್ಯೆ ಇಲ್ಲ. ಕಚೇರಿಯ ವಿಳಾಸ ಇಲ್ಲ. ಕೊಟ್ಟ ಹಣಕ್ಕೆ ರಶೀದಿಯೂ ಇಲ್ಲ. ಅವನ ಅಂಗಿ ನೋಡಿ ನಂಬಿದ್ದೆ.

ನೆರವು ಕೊಡುವ ಸಂಸ್ಥೆ ನಿಮ್ಮಿಂದ ಹಣ ಕೇಳುವುದಿಲ್ಲ. ಕೇಳಿದರೆ ಎದ್ದು ಬನ್ನಿ. ಒಟಿಪಿ ಕೇಳಿದರೂ ಅಷ್ಟೇ. ಖಾಲಿ ಕಾಗದಕ್ಕೆ ಸಹಿ ಬೇಡ. ಹೆಬ್ಬೆಟ್ಟೂ ಬೇಡ.

ಈ ಮಾತು ಈಗ ಯಾಕೆ ಹೇಳಿದೆ ಎಂದರೆ, ಹೆಣ್ಣುಮಕ್ಕಳಿಗೆ ಒಂದು ವಿದ್ಯಾರ್ಥಿವೇತನ ಬಂದಿದೆ. ಅದೇ ಪ್ರೇಮ್‌ಜಿ ಫೌಂಡೇಶನ್‌ನದ್ದು. ಕರ್ನಾಟಕದಲ್ಲಿ ದೀಪಿಕಾ ಎಂಬ ಹೆಸರು. 2025-26ನೇ ಸಾಲಿನಲ್ಲಿ ಇಲ್ಲಿಗೆ ಬಂತು. ಹುಡುಗಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಎರಡನ್ನೂ ಸರಕಾರಿ ಶಾಲೆ-ಕಾಲೇಜಿನಲ್ಲಿ ಪಾಸಾಗಿರಬೇಕು. ಡಿಗ್ರಿಗೆ ಅಥವಾ ಡಿಪ್ಲೊಮಾಕ್ಕೆ ಮೊದಲ ವರ್ಷ ಸೇರಿರಬೇಕು. ವರ್ಷಕ್ಕೆ 30,000 ರೂಪಾಯಿ ಅವಳ ಬ್ಯಾಂಕ್ ಖಾತೆಗೇ ಬರುತ್ತದೆ. ಓದು ಮುಗಿಯುವವರೆಗೆ. 12ರಿಂದ ಭಾಗಿಸಿ. ತಿಂಗಳಿಗೆ 2,500.

ಸುಬ್ರಹ್ಮಣ್ಯದ ಕಡೆಯಿಂದ ಪುತ್ತೂರಿಗೆ, ಗಡಿಯ ಹಳ್ಳಿಯಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿಗೆ ಇದು ಸಣ್ಣ ಹಣ ಅಲ್ಲ. "ಪಿಯುಸಿ ಸಾಕು, ಇನ್ನು ಬೀಡಿ ಕಟ್ಟಲಿ" ಎಂದು ಮನೆಯಲ್ಲಿ ಹೇಳುವ ಮೊದಲು ಇದನ್ನು ವಿಚಾರಿಸಿ. ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬೇಕು. ಕಾಲೇಜಿನ ಅಧ್ಯಾಪಕರನ್ನು ಕೇಳಿದರೆ ಹೇಳಿಕೊಡುತ್ತಾರೆ. ಅರ್ಜಿಗೆ ಶುಲ್ಕ ಇಲ್ಲ. ಸೈಬರ್ ಅಂಗಡಿಯವನಿಗೆ ಅವನ ಕೆಲಸದ ಹಣ ಕೊಡಿ. "ನಾನು ಮಾಡಿಸಿ ಕೊಡ್ತೇನೆ, ಎರಡು ಸಾವಿರ ಕೊಡಿ" ಎನ್ನುವವನಿಗೆ ಕೊಡಬೇಡಿ.

ಕೇಳುವುದು ಯಾರನ್ನು?

ಸರಕಾರದ ಹಣ ಸೇರಿದ ಕೆಲಸ ಆದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಶುಲ್ಕ ಕಟ್ಟಿ ಲೆಕ್ಕ ಕೇಳಬಹುದು. ಊರಿನ ಸಂಸ್ಥೆ ಆದರೆ ಅವರ ವರ್ಷದ ವರದಿ ಕೇಳಿ. ಲೆಕ್ಕ ಪರಿಶೋಧಕರು ಸಹಿ ಮಾಡಿದ ಪಟ್ಟಿ ಕೇಳಿ. ಒಳ್ಳೆಯ ಸಂಸ್ಥೆಯವರಿಗೆ ಇದರಿಂದ ಬೇಜಾರು ಆಗುವುದಿಲ್ಲ. ಫೌಂಡೇಶನ್‌ನವರೂ ಅವರಿಂದ ಇದನ್ನೇ ಕೇಳುತ್ತಾರೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ತುಳುವಿನಲ್ಲಿ ಕೇಳಿದರೂ ಆಗುತ್ತದೆ.

ಮೊಟ್ಟೆಯ ಒಪ್ಪಂದ ಮೂರು ವರ್ಷಕ್ಕೆ ಎಂದೆನಲ್ಲ? ದಾನ ಕೊಡುವವರು ಮುಂದುವರಿಸಬಹುದು, ನಿಲ್ಲಿಸಲೂಬಹುದು. ಅವರನ್ನು ಒತ್ತಾಯ ಮಾಡಲಿಕ್ಕೆ ನಮಗೆ ಹಕ್ಕಿಲ್ಲ. ಸರಕಾರದ ಮಾತು ಬೇರೆ. ಶಾಲೆಯ ಬಿಸಿಯೂಟ ಮಕ್ಕಳ ಹಕ್ಕು. ಅದನ್ನು ನಾವು ಕೇಳಿಯೇ ಪಡೆಯಬೇಕು. ಮಾರುಕಟ್ಟೆಯಲ್ಲಿ ಮೊಟ್ಟೆಯ ಬೆಲೆ 6 ರೂಪಾಯಿ ದಾಟಿದಾಗ ಹೆಚ್ಚಿನ ಹಣ ಯಾರ ಕಿಸೆಯಿಂದ ಹೋಗುತ್ತದೆ, ಅದನ್ನೂ ಕೇಳಬೇಕು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಮರುದಿನ ಮೊಮ್ಮಗನ ಶಾಲೆಗೆ ಹೋದರು. ಬೆಲ್ಲು ಆಗುವವರೆಗೆ ಜಗಲಿಯಲ್ಲಿ ಕೂತರು. ಆಮೇಲೆ ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ, "ಮೇಷ್ಟ್ರೇ, ಮೊಟ್ಟೆಯ ಪುಸ್ತಕ ಒಮ್ಮೆ ನೋಡಬಹುದಾ?" ಎಂದರು. ಅವರು ನಗುತ್ತಾ ತೆಗೆದುಕೊಟ್ಟರು. ಅಕ್ಕ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದರು.

"ಮಂಗಳವಾರ. ಮೊಟ್ಟೆ 83. ಬಾಳೆಹಣ್ಣು 9."