ಸಾರು ಮಾಡಲು ಬಂದರೆ ಸಾಕು

ಗೆಳೆಯರೇ, ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಒಳ್ಳೆಯ ವಡಾಪಾವ್ ಎಲ್ಲಿ ಸಿಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಮ್ಮ ನಾಲ್ಕು ದಿನ ಊರಿಗೆ ಹೋದರೆ ಮನೆಯಲ್ಲಿ ಏನಾಗುತ್ತದೆ? ಮೊದಲ ದಿನ ಅವರು ಫ್ರಿಜ್ಜಿನಲ್ಲಿ ಇಟ್ಟುಹೋದದ್ದು, ಎರಡನೆಯ ದಿನ ಮ್ಯಾಗಿ, ಮೂರನೆಯ ದಿನದಿಂದ ಹೊಟೇಲು. ನಾಳೆ ಪುಣೆಯಲ್ಲೋ ದೆಹಲಿಯಲ್ಲೋ ಕೆಲಸ ಸಿಕ್ಕಿ, ಇಬ್ಬರು ಮೂವರು ಸೇರಿ ಬಾಡಿಗೆ ಮನೆ ಹಿಡಿದಾಗ ಆ ಮೂರನೆಯ ದಿನವೇ ವರ್ಷಗಟ್ಟಲೆ ನಡೆಯುತ್ತದೆ. ಜೇಬು ಮತ್ತು ಹೊಟ್ಟೆ ಎರಡೂ ಕೆಡುತ್ತವೆ.

ಇದು ಹುಡುಗಿಯರಿಗೆ ಬರೆದದ್ದೆಂದು ಹುಡುಗರು ಪುಟ ತಿರುಗಿಸಬೇಡಿ. ಕರಾವಳಿಯಿಂದ ಈ ಊರಿಗೆ ಬಂದ ಎಷ್ಟೋ ಗಂಡಸರು ಸೌಟು ಹಿಡಿದೇ ಬದುಕು ಕಟ್ಟಿಕೊಂಡವರು. ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಊಟ ನಿಮ್ಮಲ್ಲಿ ಹಲವರು ಉಂಡಿರಬಹುದು. ಅವರ ಮೊಮ್ಮಕ್ಕಳ ವಯಸ್ಸಿನ ನಮಗೆ ಒಂದು ಸಾರು ಬಾರದಿದ್ದರೆ ಹೇಗೆ?

ಮೊದಲು ಸಾಮಾನು. ಅಂಗಡಿಯವನ ಹತ್ತಿರ ನೀವು ತೂರ್ ದಾಲ್ ಎನ್ನುವುದು ನಮ್ಮ ತೊಗರಿಬೇಳೆ. ಚಿಂಚ್ ಎಂದರೆ ಹುಣಸೆಹಣ್ಣು, ಹಿಂಗ್ ಎಂದರೆ ಇಂಗು, ಕಡಿಪತ್ತಾ ಎಂದರೆ ಕರಿಬೇವು. ಒಂದನ್ನು ಮಾತ್ರ ನೀವು ಹೆಚ್ಚುಕಡಿಮೆ ಕನ್ನಡದಲ್ಲೇ ಕೇಳುತ್ತಿದ್ದೀರಿ. ಮರಾಠಿಯವರು ಬೇಡಗಿ ಮಿರ್ಚಿ ಎನ್ನುವುದು ಹಾವೇರಿ ಜಿಲ್ಲೆಯ ಬ್ಯಾಡಗಿ ಊರಿನ ಹೆಸರು ಹೊತ್ತ ಮೆಣಸಿನಕಾಯಿಯನ್ನೇ. ಮೈಯೆಲ್ಲಾ ಸುಕ್ಕು, ಬಣ್ಣ ಕಡುಗೆಂಪು, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಇನ್ನು ಸಾರು. ಇಬ್ಬರಿಗೆ ಕಾಲು ಲೋಟ ತೊಗರಿಬೇಳೆ ಸಾಕು. ಎರಡು ಸಲ ತೊಳೆದು, ಒಂದು ಲೋಟ ನೀರು, ಚಿಟಿಕೆ ಅರಿಸಿನ, ಎರಡು ಹನಿ ಎಣ್ಣೆ ಹಾಕಿ ಕುಕ್ಕರಿನಲ್ಲಿಡಿ. ಎಣ್ಣೆ ಯಾಕೆಂದರೆ ಬೇಳೆ ನೊರೆ ಉಕ್ಕಿಸುತ್ತದೆ, ಆ ನೊರೆ ವಿಶಲಿನ ತೂತಿಗೆ ಸಿಕ್ಕಿಕೊಳ್ಳಬಾರದು. ಬೇಳೆ ಬೇಯಿಸುವಾಗ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ. ನಾಲ್ಕು ಕೂಗು ಕೂಗಿದ ಮೇಲೆ ಒಲೆ ಆರಿಸಿ ಸುಮ್ಮನೆ ಬಿಡಿ. ಹಸಿವೆಂದು ಮುಚ್ಚಳದ ಜೊತೆ ಕುಸ್ತಿ ಮಾಡಬಾರದು. ಒಳಗಿನ ಆವಿ ಇಳಿದರೆ ಅದೇ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ.

ಹುಣಸೆಹಣ್ಣನ್ನೂ ಬೇಳೆಯ ಜೊತೆಗೇ ಹಾಕಿಬಿಟ್ಟರೆ ಒಂದು ಪಾತ್ರೆ ಉಳಿಯುತ್ತದಲ್ಲ ಎಂದು ನಿಮಗೆ ಅನ್ನಿಸಬಹುದು. ಬೇಡ. ಹುಳಿ ಬಿದ್ದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ, ಎಷ್ಟು ಕೂಗಿಸಿದರೂ ಕಾಳು ಕಾಳಾಗಿ ಉಳಿಯುತ್ತದೆ. ಆದ್ದರಿಂದ ಬೇಳೆ ಬೇಯುತ್ತಿರುವಾಗಲೇ ಬೇರೆ ಪಾತ್ರೆಯಲ್ಲಿ ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ, ಹೆಚ್ಚಿದ ಎರಡು ಟೊಮೆಟೊ, ಒಂದು ಚಮಚ ಉಪ್ಪು, ಒಂದೂವರೆ ಚಮಚ ಸಾರಿನ ಪುಡಿ, ಕಡಲೆಕಾಯಿಯಷ್ಟು ಬೆಲ್ಲ, ಅರ್ಧ ಲೋಟ ನೀರು ಹಾಕಿ ಕುದಿಸಿ. ಚಮಚ ಎಂದರೆ ಚಹಾದ ಚಮಚ. ಹುಣಸೆಯ ಹಸಿವಾಸನೆ ಹೋಗಬೇಕು. ಅದಕ್ಕೆ ಗಡಿಯಾರ ನೋಡಬೇಡಿ, ಮೂಗನ್ನು ನಂಬಿ. ಆಮೇಲೆ ಬೆಂದ ಬೇಳೆಯನ್ನು ನುರಿದು ಸೇರಿಸಿ, ಮೇಲೆ ಒಂದೂವರೆ ಲೋಟ ನೀರು ಹಾಕಿ. ನೊರೆಯೆದ್ದು ಒಂದು ಕುದಿ ಬಂದರೆ ಮುಗಿಯಿತು.

ಉಳಿದದ್ದು ಒಗ್ಗರಣೆ. ಹೊಸಬರು ಕೆಡಿಸುವುದು ಇಲ್ಲೇ. ಒಂದು ಚಮಚ ತುಪ್ಪ ಕಾದ ಮೇಲೆ ಒಂದೇ ಒಂದು ಸಾಸಿವೆ ಕಾಳು ಹಾಕಿ ನೋಡಿ. ಚಟ್ ಎಂದರೆ ಉಳಿದದ್ದನ್ನು ಹಾಕಿ. ಕಾಳಿನೊಳಗಿನ ತೇವ ಆವಿಯಾಗಿ ಸಿಪ್ಪೆಯೊಡೆಯುವ ಸದ್ದದು. ಅದು ಬರುವ ಮೊದಲೇ ಸಾರಿಗೆ ಸುರಿದರೆ ಸಾಸಿವೆ ಕಹಿಯಾಗಿ ಬಾಯಿಗೆ ಸಿಗುತ್ತದೆ. ಸಿಡಿದ ಕೂಡಲೇ ಉರಿ ತಗ್ಗಿಸಿ ಬ್ಯಾಡಗಿ ಮೆಣಸಿನಕಾಯಿ, ಚಿಟಿಕೆ ಇಂಗು, ಕೊನೆಗೆ ಕರಿಬೇವು. ಕರಿಬೇವಿನಲ್ಲಿ ನೀರಿದ್ದರೆ ಮುಖಕ್ಕೇ ಹಾರುತ್ತದೆ, ಒರೆಸಿ ಹಾಕಿ. ತುಪ್ಪ ಹೊಗೆಯಾಡಿ ಮೆಣಸಿನಕಾಯಿ ಕಪ್ಪಾದರೆ ಆ ಒಗ್ಗರಣೆಯನ್ನು ಚೆಲ್ಲಿ ಬೇರೆ ಮಾಡಿ, ಒಂದು ಚಮಚ ತುಪ್ಪದ ಆಸೆಗೆ ಇಡೀ ಸಾರನ್ನು ಕಳೆದುಕೊಳ್ಳಬೇಡಿ.

ಅನ್ನಕ್ಕೆ ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ಮೂರು ಕೂಗು. ಇಲ್ಲಿ ಸಿಗುವ ಕೋಲಮ್ ಅಕ್ಕಿಯೂ ಆಗುತ್ತದೆ. ಅಕ್ಕಿ ಹಳೆಯದಾದರೆ ನೀರು ಸ್ವಲ್ಪ ಹೆಚ್ಚು ಬೇಕು.

ಉಪ್ಪಿಟ್ಟನ್ನು ಬೈಯುವುದು ನಿಮ್ಮ ವಯಸ್ಸಿನಲ್ಲಿ ಫ್ಯಾಷನ್ನು, ಇರಲಿ. ರಾತ್ರಿ ಒಂಬತ್ತೂವರೆಗೆ ಲೋಕಲ್ ಇಳಿದು ಮನೆಗೆ ಬಂದಾಗ ಇಪ್ಪತ್ತು ನಿಮಿಷದಲ್ಲಿ ಆಗುವುದು ಅದೊಂದೇ. ಅಂಗಡಿಯಲ್ಲಿ ಬಾರೀಕ್ ರವಾ ತರಬೇಡಿ, ಅದು ಚಿರೋಟಿ ರವೆ, ಅಂಟಂಟಾಗುತ್ತದೆ. ದಪ್ಪ ರವೆಯನ್ನು ಘಮ್ಮೆನ್ನುವವರೆಗೆ ಹುರಿದು, ಒಂದು ಲೋಟಕ್ಕೆ ಎರಡೂವರೆ ಲೋಟ ಕುದಿಯುವ ನೀರಿನಲ್ಲಿ, ಒಂದು ಕೈಯಿಂದ ಉದುರಿಸುತ್ತಾ ಇನ್ನೊಂದು ಕೈಯಿಂದ ತಿರುಗಿಸುತ್ತಾ ಹೋದರೆ ಗಂಟಾಗುವುದಿಲ್ಲ.

ಇಷ್ಟನ್ನು ಪತ್ರಿಕೆಯಲ್ಲಿ ಓದಿ ಕಲಿಯಬಹುದು. ಆದರೆ ಇದು ನಿಮ್ಮ ಮನೆಯ ಸಾರಲ್ಲ. ನಿಮ್ಮವರು ಮಂಗಳೂರು ಕಡೆಯವರಾದರೆ ತೆಂಗಿನಕಾಯಿ ಇಲ್ಲದ ಅಡುಗೆಗೆ ಮುಖ ಸಿಂಡರಿಸುತ್ತಾರೆ. ಧಾರವಾಡದವರಾದರೆ ಹೋಳಿಗೆಯ ಕಡಲೆಬೇಳೆ ಬಸಿದ ನೀರಿನ ಕಟ್ಟಿನ ಸಾರೇ ಸಾರು. ಮನೆಯ ಪುಡಿಯ ಅಳತೆಯಂತೂ ಯಾವ ಪುಸ್ತಕದಲ್ಲೂ ಸಿಗದು, ಅದು ಅಜ್ಜಿಯ ಕೈಯಲ್ಲಿದೆ. ಕೇಳಿದರೆ ಏನು ಹೇಳುತ್ತಾರೆ? "ಅದಕ್ಕೇನು ಲೆಕ್ಕ ಮಗಾ, ಒಂದು ಹಿಡಿ ಕೊತ್ತಂಬರಿ, ಸ್ವಲ್ಪ ಜೀರಿಗೆ, ಹದ ನೋಡ್ಕೊಂಡು ಹುರಿ." ಆ ಹಿಡಿ ಎಷ್ಟು, ಹದ ಯಾವುದು?

ಉಪಾಯ ಇದೆ. ಮುಂದಿನ ಸಲ ಮನೆಯಲ್ಲಿ ಪುಡಿ ಮಾಡುವ ದಿನ ಆಫೀಸಿಗೆ ರಜೆ ಹಾಕಿ ಹತ್ತಿರ ನಿಲ್ಲಿ. ಅಜ್ಜಿ ಬಾಣಲೆಗೆ ಹಾಕಬೇಕೆಂದು ಹಿಡಿ ತುಂಬಿದಾಗ ಕೈಯ ಕೆಳಗೆ ಒಂದು ಬಟ್ಟಲು ಹಿಡಿಯಿರಿ. ಬಟ್ಟಲಿನಲ್ಲಿ ಬಿದ್ದದ್ದನ್ನು ಚಮಚದಿಂದ ಅಳೆದು, ಬರೆದುಕೊಂಡು, ಆಮೇಲೆ ಬಾಣಲೆಗೆ ಹಾಕಿ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸು, ಎಲ್ಲಕ್ಕೂ ಹೀಗೇ. "ಇದೇನು ಹುಚ್ಚಾಟ" ಎಂದು ಬೈಯುತ್ತಾರೆ, ಬೈಸಿಕೊಳ್ಳಿ. ಪ್ರತಿಯೊಂದನ್ನೂ ಯಾವ ಬಣ್ಣಕ್ಕೆ ಬಂದಾಗ ಇಳಿಸಿದರು ಎಂಬುದನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮೆಂತ್ಯ ಒಂದು ಚೂರು ಹೆಚ್ಚು ಹುರಿದರೂ ಕಹಿ. ಅಜ್ಜಿಗೆ ಕೈ ನಡುಗುತ್ತಿದ್ದರೆ, ಕಣ್ಣು ಮಂಜಾಗಿದ್ದರೆ, ಮುಂದಿನ ಸಲದವರೆಗೂ ಕಾಯಬೇಡಿ. ಈ ಭಾನುವಾರವೇ ಸ್ವಲ್ಪ ಪುಡಿ ಮಾಡಿಸಿ.