ಕಂಪ್ಯೂಟರ್ ಇಂಜಿನಿಯರಿಂಗ್ ಓದು ಮತ್ತು ಅಮಾನತ್

ಸಿಇಟಿ ಸೀಟು ಹಂಚಿಕೆ ನಡೆಯುವ ದಿನಗಳಲ್ಲಿ ಜುಮಾ ನಮಾಝ್ ಮುಗಿದ ಮೇಲೆ ಹಲವು ತಂದೆಯರು ನಮ್ಮ ಬಳಿ ಬರುತ್ತಾರೆ. "ಹಜ್ರತ್, ಮಗನಿಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಗಲಿ ಅಂತ ದುಆ ಮಾಡಿ" ಎನ್ನುತ್ತಾರೆ. ದುಆ ಮಾಡುತ್ತೇವೆ. ಆದರೆ ನಾಲ್ಕು ವರ್ಷ ಮಗ ಅಲ್ಲಿ ಏನು ಕಲಿಯುತ್ತಾನೆ ಎಂದು ಕೇಳಿದರೆ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಈ ಬಾರಿಯ ಖುತ್ಬಾದಲ್ಲಿ ಇದೇ ವಿಷಯವನ್ನು ಎತ್ತಿಕೊಂಡೆವು. ಅದರ ಸಾರಾಂಶ ಇಲ್ಲಿದೆ.

ಪ್ರವಾದಿಯವರಿಗೆ (ಸ) ಅವತೀರ್ಣವಾದ ಮೊಟ್ಟಮೊದಲ ಆದೇಶವೇ ಓದಿನ ಕುರಿತಾಗಿತ್ತು. ವಿದ್ಯೆ ಕಲಿಯುವುದು ಪ್ರತಿಯೊಬ್ಬ ಮುಸ್ಲಿಮನ ಕಡ್ಡಾಯ ಹೊಣೆ ಎಂದು ಅವರು ಕಲಿಸಿದರು. ಇದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಮಗನ ಶುಲ್ಕಕ್ಕೆ ಸಾಲ ಮಾಡಿ, ಅವನಿಗಿಂತ ಹೆಚ್ಚು ಅಂಕ ಪಡೆದ ಮಗಳನ್ನು ಮನೆಯಲ್ಲಿ ಕೂರಿಸುವುದು ನ್ಯಾಯವಲ್ಲ.

ಕಂಪ್ಯೂಟರಿನವರು ದಿನವೂ ಬಳಸುವ 'ಅಲ್ಗಾರಿದಮ್' ಎಂಬ ಪದ ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ವಿದ್ವಾಂಸ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ ಬಂದುದು. ಬೀಜಗಣಿತಕ್ಕಿರುವ 'ಅಲ್ಜೀಬ್ರಾ' ಎಂಬ ಹೆಸರೂ ಅವರ ಗ್ರಂಥದ ಶೀರ್ಷಿಕೆಯ ಒಂದು ಪದದಿಂದಲೇ ಬಂದಿದೆ. ಅವರು ಭಾರತದ ಅಂಕಿಗಳ ಬಗ್ಗೆಯೂ ಗ್ರಂಥ ಬರೆದರು. ಅಂದರೆ ಒಳ್ಳೆಯ ವಿದ್ಯೆ ಎಲ್ಲಿಂದ ಬಂದರೂ ಅವರು ಕಲಿತರು. ನಾವು ಅವರ ಹೆಸರು ಹೇಳಿ ಹೆಮ್ಮೆಪಟ್ಟರೆ ಸಾಲದು, ಅವರಂತೆ ಕಷ್ಟಪಡಬೇಕು.

ಇನ್ನು ಓದಿನ ವಿಷಯ. ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ರ‍್ಯಾಂಕ್ ನಿರ್ಧರಿಸುವಾಗ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ಬೆಲೆ ಕೊಡುತ್ತಾರೆ. ಎಸ್ಸೆಸ್ಸೆಲ್ಸಿ ನಂತರ ಡಿಪ್ಲೊಮಾ ಮಾಡಿದವರು ಪ್ರತ್ಯೇಕ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು. ಹಣದ ತೊಂದರೆ ಇರುವವರು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆಯನ್ನು ವಿಚಾರಿಸಲಿ.

ಬಿ.ಇ. ಪದವಿಗೆ ಎಂಟು ಸೆಮಿಸ್ಟರ್‌ಗಳು. ಮೊದಲ ವರ್ಷ ಗಣಿತ, ವಿಜ್ಞಾನ ಮತ್ತು ಪ್ರೋಗ್ರಾಮಿಂಗ್‌ನ ಆರಂಭ. ಆಮೇಲೆ ಮಾಹಿತಿಯನ್ನು ಜೋಡಿಸಿಡುವ ಡೇಟಾ ಸ್ಟ್ರಕ್ಚರ್ಸ್, ಯಂತ್ರದ ಒಳರಚನೆ, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್ ಬರುತ್ತವೆ. ಕೊನೆಯಲ್ಲಿ ಪ್ರಾಜೆಕ್ಟ್. ಇದು ಟೈಪಿಂಗ್ ಕಲಿಯುವ ಕೋರ್ಸ್ ಅಲ್ಲ; ಇದರ ಬುನಾದಿ ಗಣಿತ. ಗಣಿತ ಬೇಡವೆನ್ನುವ ಮಗುವನ್ನು ನೆರೆಮನೆಯವರ ಮಗ ಸೇರಿದ ಎಂಬ ಒಂದೇ ಕಾರಣಕ್ಕೆ ಇದಕ್ಕೆ ತಳ್ಳಬೇಡಿ. ನಮ್ಮ ಮೊಹಲ್ಲಾದ ಒಬ್ಬ ಹುಡುಗ ಮೊದಲ ವರ್ಷದ ಗಣಿತದಲ್ಲಿ ಫೇಲಾಗಿ, ಅದನ್ನು ಒಂದು ವರ್ಷ ಮನೆಯಲ್ಲಿ ಮುಚ್ಚಿಟ್ಟಿದ್ದ. ತಂದೆಯ ಭಯವೇ ಅದಕ್ಕೆ ಕಾರಣವಾಗಿತ್ತು. ಮೊದಲೇ ಹೇಳಿದ್ದರೆ ಯಾರಾದರೂ ಪಾಠ ಹೇಳಿಕೊಡುತ್ತಿದ್ದರು.

ವಿದ್ಯಾರ್ಥಿಗಳಿಗೂ ಒಂದು ಮಾತು. ಪ್ರವಾದಿಯವರು (ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಾಗಿತ್ತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿ, ಮೋಸ ಮಾಡುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಗೆಳೆಯನ ಲ್ಯಾಬ್ ರೆಕಾರ್ಡ್ ನಕಲು ಮಾಡುವುದು, ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ದುಡ್ಡು ಕೊಟ್ಟು ತರುವುದು ಇದೇ ರಾಶಿಯಂತೆ. ಮೇಲೆ ಅಂಕಪಟ್ಟಿ ಒಣಗಿರುತ್ತದೆ, ಒಳಗೆ ಒದ್ದೆ. ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಿದರೆ ಸಾಕು, ಅದು ಹೊರಬೀಳುತ್ತದೆ. ಹೊರಬೀಳದಿದ್ದರೆ ಇನ್ನೂ ಅಪಾಯ. ನಾಳೆ ಆಸ್ಪತ್ರೆಯ, ಬ್ಯಾಂಕಿನ ಲೆಕ್ಕ ನೋಡುವ ಪ್ರೋಗ್ರಾಮನ್ನು ನೀವೇ ಬರೆಯುತ್ತೀರಿ. ಅದರಲ್ಲಿ ತಪ್ಪಾದರೆ ನಷ್ಟ ನಿಮ್ಮನ್ನು ನಂಬಿದ ಜನರಿಗೆ. ವಿದ್ಯೆಯೂ ಅಮಾನತ್, ನಂಬಿಕೆಯೂ ಅಮಾನತ್.

ಕೊನೆಯದಾಗಿ, ಈಗಾಗಲೇ ಇಂಜಿನಿಯರ್ ಆಗಿರುವ ಸಹೋದರ ಸಹೋದರಿಯರಲ್ಲಿ ವಿನಂತಿ. ವಾರಕ್ಕೆ ಒಂದು ಗಂಟೆ ಮೊಹಲ್ಲಾದ ಮಕ್ಕಳಿಗೆ ಗಣಿತ ಹೇಳಿಕೊಡಿ. ಮದ್ರಸಾದ ಕೋಣೆ ಇಶಾ ನಮಾಝಿನ ನಂತರ ತೆರೆದೇ ಇರುತ್ತದೆ. ಜನರಿಗೆ ಪ್ರಯೋಜನವಾಗುವ ವಿದ್ಯೆಯನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ದಯಪಾಲಿಸಲಿ. ಆಮೀನ್.